ದುರುಗಕ್ಕನ ಕೈ, ಬೃಂದಾಳ ಕಾಲು

ತಾಳ್ಯದಲ್ಲಿ ನಮ್ಮ ಕೇರಿಯ ಕೂಸುಗಳಿಗೆಲ್ಲ ನೀರೆರೆದವಳು ದುರುಗಕ್ಕ. ಕಾಲು ಚಾಚಿ ಕೂತು, ಕೂಸನ್ನು ಅದರ ಮೇಲೆ ಮಲಗಿಸಿಕೊಂಡು, ಎಣ್ಣೆಗೈಯಲ್ಲಿ ತಲೆ ಗುಂಡಗೆ ಮಾಡುತ್ತಿದ್ದಳು, ಮೂಗು ತಿದ್ದುತ್ತಿದ್ದಳು. ನನ್ನ ಮೂಗೊಂದು ಅವಳ ಮಾತು ಕೇಳಲಿಲ್ಲ. ನೀನೇ ಅತ್ತು ಅತ್ತು ಕೆಡಿಸಿಕೊಂಡೆ ಎಂದು ಇವತ್ತಿಗೂ ಬೈಯುತ್ತಾಳೆ.

೨೦೦೫ರಲ್ಲಿ ನನ್ನ ಅಕ್ಕ ಅನುಸೂಯಳಿಗೆ ಬೃಂದಾ ಹುಟ್ಟಿದಳು. ಕೂಸಿನ ಎಡಪಾದ ಒಳಕ್ಕೆ ತಿರುಚಿಕೊಂಡಿತ್ತು. ಚಿತ್ರದುರ್ಗದ ಡಾಕ್ಟರು ವಾರವಾರವೂ ಪಾದವನ್ನು ಇಷ್ಟಿಷ್ಟೇ ತಿರುಗಿಸಿ ಪ್ಲಾಸ್ಟರ್ ಹಾಕಿದರು.

"ಜೋರು ಮಾಡಿದ್ರೆ ಎಳೇ ಮೂಳೆ ಕೆಡುತ್ತೆ. ಮೆಲ್ಲಗೆ ಎಳೆದು ಹಿಡಿದ್ರೆ ಜೀವಕೋಶಗಳು ಆ ಕಡೆಗೇ ಬೆಳೀತವೆ. ಬಿಟ್ರೆ ಮತ್ತೆ ಹಳೇ ಕಡೆಗೇ," ಎಂದರು ಡಾಕ್ಟರು.

ಕೊನೆಗೂ ಪಾದ ನೆಟ್ಟಗಾಯಿತು. ಅದು ಹಾಗೇ ನಿಲ್ಲಲೆಂದು, ನಡುವೆ ಕಬ್ಬಿಣದ ಪಟ್ಟಿಯಿದ್ದ ಜೋಡಿ ಬೂಟು ಕೊಟ್ಟು, ಸ್ನಾನಕ್ಕಷ್ಟೇ ಬಿಚ್ಚಿ ಎಂದರು.

"ಕೂಸಿಗೆ ಬೇಡಿ ಹಾಕ್ತಾರೇನೇ ಅನುಸೂಯ?" ದುರುಗಕ್ಕನ ಕಣ್ಣು ತುಂಬಿತು.

ನೀರೆರೆದು ಸಾಂಬ್ರಾಣಿ ಹೊಗೆ ಹಾಕಿದ ಮೇಲೆ ಕೂಸನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸುವುದು ನಮ್ಮಲ್ಲಿ ವಾಡಿಕೆ. ಆ ಪಟ್ಟಿ ಕಾಲನ್ನು ಅಗಲಿಸಿ ಹಿಡಿದಿದ್ದರೆ ಸುತ್ತುವುದು ಹೇಗೆ? ದುರುಗಕ್ಕ ಬೂಟನ್ನು ಪಕ್ಕಕ್ಕಿಟ್ಟು ಸುತ್ತುತ್ತಿದ್ದಳು. ಬೃಂದಾ ಸಂಜೆಯವರೆಗೆ ಹಾಯಾಗಿ ನಿದ್ದೆ ಹೊಡೆಯುತ್ತಿದ್ದಳು. ಎಬ್ಬಿಸಿ ಬೂಟು ಹಾಕಲು ನಮಗೂ ಮನಸ್ಸು ಬರುತ್ತಿರಲಿಲ್ಲ. ತಿಂಗಳು ತುಂಬುವಷ್ಟರಲ್ಲಿ ಹಿಮ್ಮಡಿ ಮತ್ತೆ ಒಳಕ್ಕೆ ಸರಿಯಿತು.

ಮತ್ತೆ ಪ್ಲಾಸ್ಟರ್. ದುರುಗಕ್ಕ ಎರಡೂ ಕೈ ಸೆರಗಿನಲ್ಲಿ ಮುಚ್ಚಿಕೊಂಡು ಮೂಲೆ ಹಿಡಿದಳು.

"ನಾನು ಸುತ್ತಿದ್ದಕ್ಕೇ ಹಿಂಗಾತು. ಕೂಸು ಕುಂಟಿದ್ರೆ ನನ್ನ ಕೈ ಕುಂಟಿಸ್ದಂಗೆ. ಇನ್ನು ಮುಟ್ಟಲ್ಲ ನಾನು."

ಅಕ್ಕನಿಗೆ ಸಿಟ್ಟಿತ್ತು. ಆದರೂ ಆ ಮುದುಕಿಯ ಮುಖ ನೋಡಿ ಕರಗಿದಳು. "ನೀನು ಮುಟ್ಟದಿದ್ರೆ ಇನ್ಯಾರು ಎರೀತಾರೆ? ಬೂಟು ಬಿಚ್ಚಿಡಬ್ಯಾಡ, ಅಷ್ಟೇಯ."

ಪ್ಲಾಸ್ಟರ್ ತೆಗೆದ ದಿನ ದುರುಗಕ್ಕ ಸುತ್ತುವ ಬಟ್ಟೆಯ ಬದಲಿಗೆ ಹಳೇ ಸೀರೆಯ ಚೀಲವೊಂದನ್ನು ಹೊಲಿದು ತಂದಳು. ಎದೆಯ ಹತ್ತಿರ ಬಿಗಿ, ಕೆಳಗೆ ಬೂಟೂ ಪಟ್ಟಿಯೂ ಹಿಡಿಯುವಷ್ಟು ಅಗಲ. ಬೂಟಿನ ಹತ್ತಿರ ಯಾರ ಕೈ ಹೋದರೂ ಗದರುತ್ತಿದ್ದಳು, ಹೆತ್ತ ತಾಯಿಯನ್ನೂ ಬಿಡಲಿಲ್ಲ.

ಮರುವರ್ಷ ಒಂದು ಬೆಳಿಗ್ಗೆ, ನೀರೆರೆಸಿಕೊಂಡ ಬೃಂದಾ ಅವಳ ಕೈ ಬಿಡಿಸಿಕೊಂಡು ಬಚ್ಚಲಿನಿಂದ ಅಮ್ಮನ ಕಡೆ ನಡೆದೇಬಿಟ್ಟಳು. ನಾವು ಮಗುವನ್ನು ನೋಡಿ ಚಪ್ಪಾಳೆ ತಟ್ಟುತ್ತಿದ್ದೆವು. ದುರುಗಕ್ಕ ನೆಲ ನೋಡುತ್ತಿದ್ದಳು. ಕಲ್ಲಿನ ಮೇಲೆ ಪುಟ್ಟ ಒದ್ದೆ ಹೆಜ್ಜೆಗಳು ಮೂಡಿದ್ದವು. ಎಡದ್ದೂ ಬಲದ್ದರಂತೆಯೇ, ಹಿಮ್ಮಡಿ ಸಮೇತ.

ನಾನು ಬಟ್ಟೆ ಹಿಡಿದು ಒರೆಸಲು ಬಗ್ಗಿದೆ.

"ಒರೆಸಬ್ಯಾಡ ಕಣೇ," ಎಂದಳು. "ಆರೋವರ್ಗೂ ನೋಡ್ತೀನಿ."