ಕಲ್ಲಿನ ಕೆಳಗೆ ಬರೆದ ಹೆಸರು

ಆ ಕೇರಿಯ ಹೆಂಗಸರು ಓದು ಕಲಿಯುವುದು ಎಂದಿಗೂ ಆಗದ ಮಾತು — ಹೀಗೆಂದು ತುಂಬಿದ ಸಭೆಯಲ್ಲಿ ಎದ್ದು ನಿಂತು ಹೇಳಿದವನು ನಾನು. ಆ ಕೇರಿ ನನ್ನದು. ಆ ಹೆಂಗಸರಲ್ಲಿ ಒಬ್ಬಳು ನನ್ನನ್ನು ಸಾಕಿದ ಸೋದರತ್ತೆ, ಹುಲಿಗೆವ್ವ. ಅವಳು ಕಲಿಯಲಾರಳು ಎಂದು ನಾನು ನಂಬಿದ್ದೆನೇ? ಇಲ್ಲ. ಕಲಿತುಬಿಟ್ಟಾಳು ಎಂದು ಹೆದರಿದ್ದೆ.

ಇದನ್ನು ಬರೆಯುವುದನ್ನು ಎಷ್ಟೋ ವರ್ಷ ಮುಂದೆ ಹಾಕುತ್ತ ಬಂದೆ. ಈಗ ದಣಿದಿದ್ದೇನೆ. ಮುಚ್ಚಿಡುವುದೂ ಒಂದು ದುಡಿಮೆಯೇ — ಅದಕ್ಕೆ ರಜೆಯಿಲ್ಲ, ನಿವೃತ್ತಿಯಿಲ್ಲ.

ಮಾನ್ವಿ ತಾಲೂಕು, ಕಲ್ಲೂರಿನಲ್ಲಿ ಬಸ್ಸಿಳಿದು ಒಳಗೆ ನಡೆದು ಹೋಗಬೇಕಾದ ಸಣ್ಣ ಹಳ್ಳಿ ನಮ್ಮದು. ಊರು ಮುಗಿದ ಮೇಲೆ ಸ್ವಲ್ಪ ಬಯಲು, ಬಯಲು ದಾಟಿದರೆ ನಮ್ಮ ಕೇರಿ. ಅಲ್ಲಿ ಬಿ.ಎ. ಮಾಡಿದ ಮೊದಲನೆಯವನು ನಾನೇ. ಇದನ್ನು ಹೇಳುವಾಗ ಈಗಲೂ ಬೆನ್ನು ನೆಟ್ಟಗಾಗುತ್ತದೆ, ಸುಳ್ಳೇಕೆ ಹೇಳಲಿ. ನಾನು ತೊಟ್ಟಿಲಲ್ಲಿದ್ದಾಗಲೇ ತಾಯಿ ತೀರಿಕೊಂಡಳು. ಗಂಡ ಸತ್ತು ತವರಿಗೆ ಬಂದಿದ್ದ ಅತ್ತೆ ನನ್ನನ್ನು ಎತ್ತಿಕೊಂಡಳು. ದೇವದುರ್ಗದ ಹಾಸ್ಟೆಲಿನಲ್ಲಿದ್ದು ಹೈಸ್ಕೂಲು ಓದುವಾಗ ತಿಂಗಳಿಗೊಮ್ಮೆ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿಯ ಚಟ್ನಿಪುಡಿ ಕಟ್ಟಿಕೊಂಡು ಬರುತ್ತಿದ್ದಳು. ಗೇಟಿನ ಬಳಿ ಕೂತು ನನ್ನ ನೋಟುಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಪುಟ ತಿರುವುವಳು. ಬುಕ್ಕು ತಲೆಕೆಳಗಾಗಿರುತ್ತಿತ್ತು. ಚಂದ ಬರೆದಿದ್ದೀಯ ಎನ್ನುವಳು. ನಾನು ಅದನ್ನು ತಿರುಗಿಸಿ ಕೊಡುತ್ತಿರಲಿಲ್ಲ — ಯಾಕೋ.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ರಾಯಚೂರಿನಲ್ಲಿ ಒಂದು ಇತಿಹಾಸ ಮಂಡಳಿಯಲ್ಲಿ ನನಗೆ ಕೆಲಸ ಸಿಕ್ಕಿತು. ಮಂಡಳಿ ಎಂದರೆ ದೊಡ್ಡದೇನಲ್ಲ. ಕೋಟೆಯ ಕಡೆ ಹೋಗುವ ದಾರಿಯಲ್ಲಿ ಎರಡು ಕೋಣೆ, ಒಂದು ಅಂಗಳ. ಸುತ್ತಲಿನ ಹಳ್ಳಿಗಳಿಂದ ತಂದ ಶಾಸನದ ಕಲ್ಲು, ವೀರಗಲ್ಲು, ಮಡಕೆ ಚೂರು, ನಿಜಾಮನ ಕಾಲದ ನಾಣ್ಯ. ಬೋರ್ಡಿನ ಮೇಲೆ ವಸ್ತು ಸಂಗ್ರಹಾಲಯ ಎಂದಿದ್ದರೂ ಓಣಿಯವರು 'ಕಲ್ಲಿನ ಮನಿ' ಎಂದೇ ಕರೆಯುತ್ತಿದ್ದರು. ಕಾರ್ಯದರ್ಶಿ ಶೇಷಪ್ಪ ಮಾಸ್ತರರು, ನಿವೃತ್ತ ಶಿಕ್ಷಕರು. ಕಾವಲಿಗೆ ಮಹಬೂಬ್ ಸಾಬ್; ಕಲ್ಲು ಏರಿಸುವುದು ಇಳಿಸುವುದೂ ಅವರದೇ. ಟೆಂಪೋದಿಂದ ಕಲ್ಲು ಇಳಿಸುವಾಗ ಯಾರಾದರೂ ನಿಂತು ನೋಡಿದರೆ, "ಮನಿ ಕಟ್ಟಾಕತ್ತೀವ್ರಿ, ಹಳೇ ರಾಜಾಗ. ಬಾಡಿಗಿ ಕೊಡಾಂವಲ್ಲ ಮಗ" ಎನ್ನುತ್ತಿದ್ದರು.

ನನ್ನ ಅಕ್ಷರ ಚೆನ್ನಾಗಿತ್ತು. ಹಾಗಾಗಿ ಪ್ರತಿ ವಸ್ತುವಿನ ಕೆಳಗಿಡುವ ಮರದ ಹಲಗೆಯ ಮೇಲೆ ಕುಂಚದಿಂದ ಬರೆಯುವುದು ನನ್ನ ಪಾಲಿಗೆ ಬಂತು. ವಸ್ತು ಯಾವುದು, ದೊರೆತ ಸ್ಥಳ, ಕೊಟ್ಟವರ ಹೆಸರು — ಮೂರೇ ಸಾಲು. ಅದೇ ದಾಖಲೆ ಪುಸ್ತಕದಲ್ಲಿಯೂ. ಮೊದಲ ದಿನವೇ ಮಾಸ್ತರರು ಹೇಳಿದ್ದರು: "ಕಲ್ಲು ಏನು ಹೇಳ್ತದ ಅನ್ನೋದು ಎರಡನೇದು ಮಾನಪ್ಪಾ. ಎಲ್ಲಿತ್ತು, ಯಾರ ಕೈಯಾಗಿತ್ತು ಅನ್ನೋದು ಮೊದಲನೇದು. ಅದು ಹೋತಂದ್ರ ಕಲ್ಲು ಮೂಕ ಆಗ್ತದ."

ನಮ್ಮ ಮನೆಯ ಬಾಗಿಲ ಮಗ್ಗುಲಲ್ಲಿ ಒಂದು ಕಲ್ಲಿತ್ತು. ಅಜ್ಜನ ಕಾಲದಿಂದ ಅಲ್ಲಿಯೇ. ಅದರ ಮೇಲೆ ಕೂತು ನಾನು ರೊಟ್ಟಿ ತಿಂದಿದ್ದೇನೆ. ಪ್ರತಿ ಉಗಾದಿಗೆ ಅತ್ತೆ ಗೋಡೆಯ ಜೊತೆಗೆ ಅದಕ್ಕೂ ಸುಣ್ಣ ಹಚ್ಚುವಳು. ಸುಣ್ಣದ ಪದರಿನ ಅಡಿಯಲ್ಲಿ ಅಕ್ಷರಗಳಿವೆ ಎಂಬುದು ಮಂಡಳಿಗೆ ಸೇರಿದ ಮೇಲೆ ನನ್ನ ಕಣ್ಣಿಗೆ ಬಿತ್ತು. ಕಲ್ಲು ರಾಯಚೂರಿಗೆ ಬೇಕು ಎಂದಾಗ ಅತ್ತೆ ಒಂದೇ ಒಂದು ಮಾತು ಕೇಳಿದಳು — ಕೊಟ್ಟವರ ಹೆಸರು ಬರೆಯುತ್ತಾರೇನು? ಬರೆಯುತ್ತಾರೆ ಎಂದೆ. ಮೂರು ದಿನ ಕೂಲಿ ಬಿಟ್ಟು, ಜಾಲಿ ಮುಳ್ಳು ಹಿಡಿದು, ಒಂದೊಂದೇ ಅಕ್ಷರದ ಸಂದಿಯಿಂದ ಸುಣ್ಣ ತೆಗೆದಳು. ಯಾವ ಅಕ್ಷರವೆಂದು ಅವಳಿಗೆ ತಿಳಿಯದು, ಆದರೆ ಒಂದು ಗೆರೆಯೂ ಕೆಡಲಿಲ್ಲ. ರಾಯಚೂರಿಗೆ ತಂದು ಮಸಿ ಹಚ್ಚಿ ಕಾಗದದ ಮೇಲೆ ಅಚ್ಚು ತೆಗೆದಾಗ ಮಾಸ್ತರರು ಅದನ್ನು ಬೆಳಕಿಗೆ ಹಿಡಿದು ಎರಡೆರಡು ಸಲ ಓದಿದರು. ಕೆರೆ ಕಟ್ಟಿದವನೊಬ್ಬನಿಗೆ ಭೂಮಿ ಬಿಟ್ಟುಕೊಟ್ಟ ಶಾಸನ ಅದು.

ಆ ಕೆರೆ ಕಟ್ಟಿದವರ ನೆಲದಲ್ಲಿ ನಮ್ಮ ಕೇರಿ ಇದ್ದಿರಬಹುದು ಎಂದು ಹೇಳುವುದಕ್ಕೆ ಇದ್ದದ್ದು ಆ ಕಲ್ಲು ನಿಂತ ಜಾಗವೊಂದೇ. ಅದನ್ನು ನಾನು ಅಳಿಸಿದೆ.

ಕಲ್ಲು ತರುವ ದಿನ ಮಾಸ್ತರರಿಗೆ ಜ್ವರ. ನಾನೂ ಮಹಬೂಬ್ ಸಾಬರೂ ಹೋಗಿದ್ದೆವು. ಟೆಂಪೋ ಕೇರಿಯ ತನಕ ಬರುವಂತಿರಲಿಲ್ಲ. ಊರ ಗೌಡರು ಬಂಡಿ ಕೊಟ್ಟರು. ರಸ್ತೆಯ ಪಕ್ಕದ ಅವರ ಹೊಲದ ಬದುವಿನಲ್ಲಿ ಕಲ್ಲು ಇಳಿಸಿ, ಟೆಂಪೋ ಬರುವ ತನಕ ಬೇವಿನ ನೆರಳಿನಲ್ಲಿ ಕೂತಿದ್ದೆವು. ಅಷ್ಟೇ — ಒಂದು ಮಧ್ಯಾಹ್ನ ಆ ಕಲ್ಲು ಅಲ್ಲಿತ್ತು.

ಹಲಗೆಯ ಮೇಲೆ ನಾನು ಬರೆದೆ: ದೊರೆತ ಸ್ಥಳ, ಗೌಡರ ಹೊಲ. ಕೊಟ್ಟವರು, ಶ್ರೀ ಬಸನಗೌಡ ಪಾಟೀಲರು.

ಯಾರೂ ನನ್ನನ್ನು ಒತ್ತಾಯಿಸಲಿಲ್ಲ. ಗೌಡರು ಕೇಳಿರಲೂ ಇಲ್ಲ. ಮುಂದೆ ಮಂಡಳಿಯ ಶಾಸನಗಳ ಪುಸ್ತಿಕೆ ಅಚ್ಚಾಗಿ ಅವರ ಕೈಗೆ ಹೋದಾಗಲೇ ಅವರಿಗೆ ಗೊತ್ತಾದದ್ದು. ರಾಯಚೂರಿನಲ್ಲಿ ನಾನು ಬಾಡಿಗೆಗಿದ್ದ ಮನೆಯವರು ಯಾರ ಪೈಕಿ ಎಂದು ಕೇಳಿದಾಗ, ಕಲ್ಲೂರಿನ ಕಡೆಯ ಒಕ್ಕಲುತನದವರು ಎಂದಿದ್ದೆ. ಮಂಡಳಿಯಲ್ಲಿಯೂ ಅದೇ ನಡೆದುಬಂದಿತ್ತು. ಕೇರಿಯ ಹೆಸರು ಬರೆದರೆ, ನಿನಗೆ ಆ ಕಲ್ಲು ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತಿತ್ತು. ಆಮೇಲೆ ಅತ್ತೆಯ ಹೆಸರು, ಆಮೇಲೆ ನಾನು... ಕುಂಚ ಕೈಯಲ್ಲಿತ್ತು. ಬರೆದೆ. ಮಹಬೂಬ್ ಸಾಬ್ ಹಲಗೆ ಓದಿದರು, ನನ್ನ ಮುಖ ನೋಡಿದರು, ಬೀಡಿ ಹಚ್ಚಿಕೊಂಡು ಹೊರಗೆ ಹೋದರು.

ಇಷ್ಟೇ ಆಗಿದ್ದರೆ ಇದು ಒಬ್ಬ ಹೆದರುಪುಕ್ಕ ನೌಕರನ ತಪ್ಪು. ಆದರೆ ಅತ್ತೆ ಕಲ್ಲು ನೋಡಲು ಬಂದಳು.

ಎರಡು ಬಸ್ಸು ಬದಲಿಸಿ, ಹಬ್ಬದ ಸೀರೆ ಉಟ್ಟು ಬಂದಿದ್ದಳು. ಮಾಸ್ತರರು ಊಟಕ್ಕೆ ಹೋದ ಹೊತ್ತು ನೋಡಿ ಒಳಗೆ ಕರೆದೆ — ಅದನ್ನೂ ಬರೆದುಬಿಡುತ್ತೇನೆ. ಕಲ್ಲಿನ ಮುಂದೆ ನಿಂತಳು. ಸುಣ್ಣವಿಲ್ಲದೆ ಕಪ್ಪಗೆ ಕಾಣಾಕತ್ತೈತಿ ಎಂದು ನಕ್ಕಳು. ಆಮೇಲೆ ಹಲಗೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು.

"ನನ್ನ ಹೆಸರು ಎಲ್ಯದಲೇ ಮಾನ್ಯಾ?"

ನಾನು ಗೌಡರ ಹೆಸರಿನ ಮೇಲೆ ಬೆರಳಿಟ್ಟೆ.

"ಇಲ್ಯದ ನೋಡತ್ತಿ."

ಅವಳು ಆ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ಸವರಿದಳು. ಬೆರಳನ್ನು ಕಣ್ಣಿಗೆ ಒತ್ತಿಕೊಂಡಳು. ಊರಿಗೆ ಹೋಗಿ ಕೇರಿಗೆಲ್ಲ ಹೇಳಿದಳು — ರಾಯಚೂರಿನ ಕಲ್ಲಿನ ಮನೆಯಲ್ಲಿ ತನ್ನ ಹೆಸರಿದೆ, ಬರೆದವನು ತನ್ನ ಕೂಸೇ ಎಂದು.

ಆಮೇಲೆ ನನ್ನ ದಿನಗಳು... ಹೇಗೆ ಹೇಳಲಿ. ಪ್ರತಿದಿನ ಆ ಹಲಗೆಯ ಧೂಳು ಒರೆಸುವವನು ನಾನೇ ಅಲ್ಲವೇ?

ಎಂಬತ್ತರ ದಶಕದಲ್ಲಿ ಮಂಡಳಿಗೆ ಬಲ ಬಂತು. ಶಾಲೆಗಳಲ್ಲಿ ಪ್ರದರ್ಶನ, ಊರೂರಿನಲ್ಲಿ ಭಾಷಣ. ಆಗ ಮಾಸ್ತರರು ಒಂದು ಹೊಸ ಮಾತು ತಂದರು: ನಮಗೆ ಕಲ್ಲು ಕೊಟ್ಟ ಊರುಗಳಿಗೆ ನಾವು ಅಕ್ಷರ ಕೊಡೋಣ. ವರ್ಷಕ್ಕೊಂದು ಊರು, ಹೆಂಗಸರಿಗೆ ಓದು ಬರಹದ ತರಗತಿ. ಮೊದಲ ಹೆಸರೇ ನಮ್ಮೂರು. ಹೋಗಿ ನೋಡಿ ವರದಿ ಕೊಡುವ ಕೆಲಸ ನನಗೆ.

ನಾನು ಹೋಗಲೇ ಇಲ್ಲ. ಮಾನ್ವಿಯ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿದು ವಾಪಸಾದೆ. ಸಭೆಯಲ್ಲಿ ಎದ್ದು ಹೇಳಿದೆ: ಊರೊಳಗೆ ಆಸಕ್ತಿಯಿಲ್ಲ, ಇನ್ನು ಆ ಕೇರಿಯ ಹೆಂಗಸರಂತೂ ಬೆಳಗಾದರೆ ಕೂಲಿ, ಅವರು ಓದು ಕಲಿಯುವುದು ಎಂದಿಗೂ ಆಗದ ಮಾತು. ಪದವೀಧರನ ಮಾತು, ಯಾರೂ ಅನುಮಾನಿಸಲಿಲ್ಲ. ಆ ವರ್ಷದ ತರಗತಿ ಮಟಮಾರಿಗೆ ಹೋಯಿತು. ಮರುವರ್ಷವೂ ಅದನ್ನೇ ಹೇಳಿದೆ, ಗಿಲ್ಲೆಸುಗೂರಿಗೆ ಹೋಯಿತು.

ಮಹಬೂಬ್ ಸಾಬ್ ಒಬ್ಬರೇ ಅಂಗಳದಲ್ಲಿ ನನ್ನನ್ನು ನಿಲ್ಲಿಸಿ ಕೇಳಿದರು. "ಮಾನಪ್ಪಣ್ಣ, ನೀವು ಅದೇ ಕೇರಿಂದ ಓದಿ ಬಂದವ್ರು. ಅಲ್ಲಿ ಓದು ಆಗಂಗಿಲ್ಲ ಅಂತೀರಿ. ಮತ್ತ ನೀವು ಯಾರ್ರೀ?"

ಹಲಗೆ ಒರೆಸುವ ಬಟ್ಟೆ ಹುಡುಕುವವನಂತೆ ಒಳಗೆ ಹೋದೆ.

ಆ ಎರಡು ವರ್ಷಗಳಲ್ಲಿ ನಮ್ಮ ಕೇರಿಯ ಸಣ್ಣೀರವ್ವ ತೀರಿಹೋದಳು. ಮಿಲಿಟರಿಯಲ್ಲಿದ್ದ ಮಗನ ಕಾಗದಗಳನ್ನು ಓದಿಸಲು ಊರೊಳಗೆ ಮನೆಮನೆ ಅಲೆಯುತ್ತಿದ್ದವಳು. ಅವಳು ಕಲಿಯುತ್ತಿದ್ದಳೋ ಇಲ್ಲವೋ — ಯಾರಿಗೆ ಗೊತ್ತು. ತಿಳಿಯುವುದಕ್ಕೆ ನಾನು ಬಿಡಲಿಲ್ಲ.

ಮೂರನೆಯ ವರ್ಷ ಮಾನ್ವಿಯ ಒಂದು ಶಾಲೆಯಲ್ಲಿ ನಮ್ಮ ಪ್ರದರ್ಶನವಿತ್ತು. ಆರೆಂಟು ಹೆಂಗಸರನ್ನು ಕರೆದುಕೊಂಡು ಅತ್ತೆ ನೇರವಾಗಿ ಮಾಸ್ತರರ ಎದುರು ಬಂದು ನಿಂತಳು. ನಾನು ಮೇಜಿನ ಆಚೆ ಇದ್ದೆ.

"ಎಲ್ಲಾ ಊರಾಗ ಸಾಲಿ ಹಚ್ಚಾಕತ್ತೀರಂತ. ನಮ್ಮ ಕೇರಿಗೆ ಯಾಕ ಬರವಲ್ರಿ? ನಮ್ಮ ಹುಡುಗ ನಿಮ್ಮಲ್ಲೇ ಅದಾನ. ಇವ, ನಮ್ಮ ಮಾನಪ್ಪ, ನಮ್ಮಣ್ಣನ ಮಗ."

ನಾನು ಅಷ್ಟು ವರ್ಷ ಕಾಯ್ದುಕೊಂಡು ಬಂದ ಗುಟ್ಟು ಒಂದು ಉಸಿರಿನಲ್ಲಿ ಹೊರಗೆ ಬಂತು. ಏನಾಯಿತು? ಏನೂ ಆಗಲಿಲ್ಲ. ಹೌದೇನವ್ವಾ ಎಂದರು ಮಾಸ್ತರರು. ಅವಳಿಗೆ ಕುರ್ಚಿ ಕೊಡಿಸಿದರು. ನನ್ನನ್ನು ಒಮ್ಮೆ ನೋಡಿದರು — ಆ ನೋಟದಲ್ಲಿ ಸಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು. ವಾರದೊಳಗೆ ಮಾನ್ವಿಯ ಒಬ್ಬ ತರುಣಿ ಶಿಕ್ಷಕಿ ನಮ್ಮ ಕೇರಿಗೆ ಹೋಗತೊಡಗಿದಳು. ಹುಲಿಗೆವ್ವ ದಿನಾ ಎಲ್ಲರಿಗಿಂತ ಮೊದಲು ಬಂದು ಜಾಗ ಗುಡಿಸುತ್ತಾಳೆ ಎಂದು ವರದಿ ಬಂತು. ಆ ವರದಿಯನ್ನು ಫೈಲಿಗೆ ಹಾಕಿದವನೂ ನಾನೇ.

ತರಗತಿ ಮುಗಿದ ಮೇಲೆ ಪ್ರಮಾಣಪತ್ರ ಕೊಡುವುದು ಕಲ್ಲಿನ ಮನೆಯಲ್ಲಿ ಎಂದು ಗೊತ್ತಾಯಿತು. ಅವರದೇ ಕಲ್ಲಿನ ಎದುರು ಆಗಲಿ ಎಂದರು ಮಾಸ್ತರರು. ಮಾಸ್ತರರ ಪಾಲಿಗೆ ಅದು ಗೌಡರು ಕೊಟ್ಟ, ಆ ಊರಿನ ಕಲ್ಲು, ಅಷ್ಟೇ. ನನಗೆ ಇನ್ನೂ ದಾರಿಯಿತ್ತು — ಹೋಗಿ ಹೇಳಬಹುದಿತ್ತು. ಅವರಿಗೆ, ಅತ್ತೆಗೆ. ಅದರ ಬದಲು ಎರಡು ದಿನ ಮೊದಲು ಹೊಸ ಹಲಗೆ ಕೊಯ್ಯಿಸಿ, ಬಣ್ಣ ಬಳಿದು, ಹೊಸದಾಗಿ ಬರೆದೆ. ಕೊಟ್ಟವರು, ಹುಲಿಗೆವ್ವ. ಹಳೆಯದನ್ನು ಒಡೆದು ಒಲೆಗೆ ಹಾಕಿದೆ. ಅವಳಿಗೆ ಎಂದಿಗೂ ತಿಳಿಯುವುದಿಲ್ಲ ಎಂದುಕೊಂಡೆ. ನೋಡಿ, ಆಗಲೂ ನನ್ನ ಲೆಕ್ಕ ಅಷ್ಟೇ ಇತ್ತು.

ಅವರು ಬಂದರು. ಮಹಬೂಬ್ ಸಾಬ್ ಎಲ್ಲರಿಗೂ ನೀರು ಕೊಟ್ಟು, "ಬರ್ರಿ ಬರ್ರಿ, ಇವತ್ತು ಕಲ್ಲು ಓದೋ ಮಂದಿ ಬಂದಾರ" ಎಂದರು. ಅತ್ತೆ ಯಾರನ್ನೂ ಮಾತಾಡಿಸದೆ ಕಲ್ಲಿನ ಬಳಿ ಹೋಗಿ ಕೂತಳು. ಹಿಂದೆ ನಾನು ನಿಂತಿದ್ದೆ. ಬೆರಳಿಟ್ಟು, ಒಂದೊಂದಾಗಿ, ಹು, ಲಿ, ಗೆ, ವ್ವ ಎಂದು ಓದಿದಳು. ಮತ್ತೊಮ್ಮೆ ಓದಿದಳು. ತಿರುಗಿ ನೋಡದೆಯೇ, ನನಗಷ್ಟೇ ಕೇಳುವಂತೆ ಅಂದಳು:

"ಆವತ್ತು ನೀ ತೋರಿಸಿದಾಗ ನನ್ನ ಹೆಸರು ಗೇಣುದ್ದ ಇತ್ತು. ಸಾಲಿಯಾಗ ಮೊದಲನೇ ವಾರನ ಬರದು ನೋಡಿದೆ, ನಾಕ ಅಕ್ಷರಕ್ಕ ಮುಗಿದುಹೋತು. ಆವತ್ತೇ ತಿಳೀತು ನನಗ."

ಅಷ್ಟೂ ತಿಂಗಳು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಕೇರಿಯಲ್ಲಿ ಯಾರ ಮುಂದೆಯೂ ಹೇಳಿರಲಿಲ್ಲ. ಅತ್ತಿ ಎಂದೆ. ಅವಳು ಎದ್ದು ಹೋಗಿ ಹೆಂಗಸರ ನಡುವೆ ಕೂತಳು.

ಮರುದಿನ ಮಾಸ್ತರರಿಗೆ ಎಲ್ಲವನ್ನೂ ಹೇಳಿದೆ. ದಾಖಲೆ ಪುಸ್ತಕವನ್ನು ನನ್ನ ಕೈಯಿಂದಲೇ ತಿದ್ದಿಸಿ, ಕೆಳಗೆ ಸಹಿ ಹಾಕಿಸಿದರು. ಪುಸ್ತಿಕೆಯನ್ನು ತಿದ್ದಲಾಗಲಿಲ್ಲ, ಅದು ಹಂಚಿಹೋಗಿತ್ತು. ಅದನ್ನು ಓದಿದವರು ಆ ಕಲ್ಲನ್ನು ಈಗಲೂ ಗೌಡರ ಹೊಲದಲ್ಲಿಯೇ ಹುಡುಕುತ್ತಾರೆ. ಸಣ್ಣೀರವ್ವನ ಎರಡು ವರ್ಷವನ್ನು ಯಾವ ಪುಸ್ತಕದಲ್ಲಿ ತಿದ್ದಲಿ? ಅದೆಲ್ಲ ಆಮೇಲಿನದು. ಆ ದಿನದ ಮಾತು ಮುಗಿಸುತ್ತೇನೆ.

ಪ್ರಮಾಣಪತ್ರ ಕೊಡುವ ಪದ್ಧತಿ ಹೀಗಿತ್ತು: ಹೆಸರು ಕರೆದು, ಅದರಲ್ಲಿ ಬರೆದದ್ದನ್ನು ಎಲ್ಲರಿಗೂ ಕೇಳುವಂತೆ ನಾನು ಓದಬೇಕು, ಆಮೇಲೆ ಕೈಗೆ ಕೊಡಬೇಕು. ಒಬ್ಬೊಬ್ಬರದನ್ನೇ ಓದುತ್ತ ಬಂದೆ. ಕೊನೆಗೆ ಅವಳ ಹೆಸರು ಕರೆದೆ. ಅವಳು ಸೆರಗು ಸರಿಮಾಡಿಕೊಂಡು ಬಂದಳು. ಕಾಗದ ಎತ್ತಿ ಹಿಡಿದು ಓದಲು ಬಾಯಿ ತೆರೆದೆ. ಅವಳು ಎರಡೂ ಕೈ ಚಾಚಿ ಅದನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು.

"ನೀ ಓದಬ್ಯಾಡಪಾ," ಎಂದಳು. "ನಾನ ಓದ್ಕೋತೀನಿ."