ಬಸವನಹುಳುವಿಗೆ ಒಂದು ಚೊಂಬು ನೀರು

ಕಳೆದ ತಿಂಗಳು ನಾನು ಒಂದು ಮಹಾ ಸಂಶೋಧನೆ ಮಾಡಿದೆ. ಈ ವಾರ ಅದನ್ನು ವಾಪಸು ತೆಗೆದುಕೊಳ್ಳುತ್ತಿದ್ದೇನೆ.

ನನ್ನ ಬಸವನಹುಳುಗಳ ಪುರಾಣ ಕೇಳಿ ಕೇಳಿ ನಿಮಗೆ ಸಾಕಾಗಿರಬಹುದು. ಆದರೂ ಇನ್ನೊಮ್ಮೆ. ಗದ್ದೆಯ ನೀರು ಬತ್ತಿದರೆ ಈ ಹುಳು ಸಾಯುವುದಿಲ್ಲ. ಕೆಸರಿನೊಳಗೆ ಇಳಿದು, ಚಿಪ್ಪಿನ ಬಾಗಿಲು ಹಾಕಿಕೊಂಡು ಮಲಗಿಬಿಡುತ್ತದೆ. ಮತ್ತೆ ನೀರು ಬಂದಾಗ ಏಳುತ್ತದೆ. ಹಾಗೆ ಎಷ್ಟು ದಿನ ಮಲಗಬಲ್ಲದು, ಮಲಗಿದಾಗ ಎಷ್ಟು ಸೊರಗುತ್ತದೆ? ಇದೇ ನನ್ನ ಪಿಎಚ್‌ಡಿ. (ನಗಬೇಡಿ. ನಮ್ಮಪ್ಪ ನಕ್ಕಿದ್ದು ಸಾಕು.)

ನಾನು ಪಾಠ ಮಾಡುವುದು ದಿಂಡಿಗಲ್‌ನ ಕಾಲೇಜಿನಲ್ಲಿ. ಹಾಸ್ಟೆಲ್ ರೂಮಿನಲ್ಲಿ ಮಣ್ಣಿನ ಮಡಕೆ ಇಡಲು ವಾರ್ಡನ್ ಬಿಡಲಿಲ್ಲ. ಹಾಗಾಗಿ ಚಿನ್ನಮನೂರಿನ ಸೋದರತ್ತೆಯ ಹಿತ್ತಿಲಲ್ಲಿ, ಅವರದೇ ಗದ್ದೆಯ ಮಣ್ಣು ತುಂಬಿದ ಮಡಕೆಗಳಲ್ಲಿ ಹುಳುಗಳನ್ನು ಮಲಗಿಸಿದೆ. "ಅತ್ತೆ, ಕಾಲುವೆಗೆ ನೀರು ಬಿಡೋವರೆಗೂ ಇವಕ್ಕೆ ಒಂದು ಹನಿಯೂ ಬೀಳಬಾರದು" ಎಂದೆ. "ಶರಿ ತಾಯಿ" ಎಂದರು, ತಮಿಳು ಬೆರೆತ ತಮ್ಮ ಕನ್ನಡದಲ್ಲಿ.

ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಬಸ್ಸಿಳಿದು ಹುಳುಗಳನ್ನು ತೂಗುತ್ತಿದ್ದೆ. ತೂಕ ಇಳಿಯಬೇಕಿತ್ತು. ಇಳಿಯಲೇ ಇಲ್ಲ! ಮೂರು ತಿಂಗಳಾದರೂ ಮದುವೆಮನೆಯಲ್ಲಿ ಉಂಡು ಬಂದವರ ಹಾಗೆ ಗುಂಡಗಿದ್ದವು. ತಕ್ಕಡಿ ಸರಿಯಿತ್ತು. ಹಾಗಾದರೆ? ಒಣಗಾಳಿಯಿಂದಲೇ ನೀರು ಹೀರುವ ಜೀವಿ! ರಷ್ಯಾದವರು ಮನುಷ್ಯನನ್ನು ಆಕಾಶಕ್ಕೆ ಕಳಿಸಿರುವ ಕಾಲ. ನಾನೂ ಏನಾದರೂ ಕಂಡುಹಿಡಿಯಬಾರದೇ? ಅಲ್ಲೇ ಕೂತು ನನ್ನ ಗೈಡ್ ಪ್ರೊಫೆಸರಿಗೆ ನಾಲ್ಕು ಪುಟ ಬರೆದು, ಪೋಸ್ಟ್ ಮಾಡಿಯೇ ಎಂದಿನಂತೆ ಸಂಜೆಯ ಬಸ್ಸು ಹತ್ತಿದೆ.

ಈ ಸಲ ಶುಕ್ರವಾರವೂ ರಜೆ ಸಿಕ್ಕಿತು. ಒಂದು ದಿನ ಮುಂಚೆಯೇ ಹೋಗಿ ಅತ್ತೆಯ ಮನೆಯಲ್ಲಿ ಉಳಿದೆ. ಬೆಳಿಗ್ಗೆ ಹಲ್ಲುಜ್ಜುತ್ತ ಹಿತ್ತಿಲಿಗೆ ಬಂದರೆ, ಅತ್ತೆ ಚೊಂಬು ಹಿಡಿದು ಮಡಕೆಯಿಂದ ಮಡಕೆಗೆ ಹೋಗುತ್ತಿದ್ದಾರೆ. ಒಂದೊಂದಕ್ಕೂ ಅಂಗೈ ತುಂಬ ನೀರು. ನಾನು ಬರುವ ಮಧ್ಯಾಹ್ನದೊಳಗೆ ಮೇಲಿನ ಮಣ್ಣು ಬಿಸಿಲಿಗೆ ಆರಿಹೋಗುವಷ್ಟು.

"ಅತ್ತೇ!"

ಬೆಚ್ಚಿದರು. ಆಮೇಲೆ ನನ್ನ ಮೇಲೇ ರೇಗಿದರು. "ನಾನೇನ್ ಮಾಡ್ಲಿ? ಎಮ್ಮೆಗೆ ಮಡಗ್ತೀನಿ, ತೊಳಸಿಗೆ ಹಾಕ್ತೀನಿ, ಕಾಕೆಗೂ ಮಡಗ್ತೀನಿ. ಇವಕ್ಕೆ ಮಾತ್ರ ಇಲ್ಲ ಅಂದ್ಬುಟ್ಟು ನಾನೆಂಗೆ ಉಣ್ಣಕ್ಕೆ ಕುಂತ್ಕಳ್ಳಲಿ? ಪಾವ, ಅವೂ ಉಸುರಲ್ಲವಾ?"

ಹಿತ್ತಿಲಿನ ಜೀವಗಳಿಗೆಲ್ಲ ನೀರು ಕೊಡದೆ ಅತ್ತೆ ಒಂದು ತುತ್ತು ಬಾಯಿಗಿಡುವುದಿಲ್ಲ. ಇದು ಚಿಕ್ಕಂದಿನಿಂದ ನನಗೆ ಗೊತ್ತಿತ್ತು. ವಿಜ್ಞಾನಿಯಾದ ಮೇಲೆ ಮರೆತಿದ್ದೆ, ಅಷ್ಟೆ.

ಮೂರು ತಿಂಗಳ ರೀಡಿಂಗ್ ಹೋಯಿತು. ಈ ಬೇಸಿಗೆ ಹೋಯಿತೆಂದರೆ ಪಿಎಚ್‌ಡಿ ಇನ್ನೊಂದು ವರ್ಷ ಮುಂದಕ್ಕೆ. ಆ ನಾಲ್ಕು ಪುಟದ ಕಾಗದ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಸಿಟ್ಟು ಬಂತು, ಅಳುವೂ ಬಂತು. ಅತ್ತೆ ನನ್ನ ಮುಖ ನೋಡಿ ಹೆದರಿದರು.

"ದೊಡ್ಡ ತಪ್ಪಾಯ್ತಾ ಕಣ್ಣು? ನಿನ್ನ ಪಡಿಪ್ಪು ಹಾಳಾಯ್ತಾ?"

"ಇಲ್ಲ ಅತ್ತೆ" ಎಂದೆ. ಓದು ಹಾಳಾಯಿತು ಅಂತ ಆ ಮುಖಕ್ಕೆ ಹೇಳುವುದು ಹೇಗೆ?

ಪ್ರೊಫೆಸರಿಗೆ ಎರಡನೇ ಕಾಗದ ಬರೆದೆ. ಎರಡೇ ಸಾಲು. ಮುಂದಿನ ಬೇಸಿಗೆಗೆ ವೇದಸಂದೂರಿನ ಗೆಳತಿಯೊಬ್ಬಳು ಮಡಕೆಗಳಿಗೆ ಜಾಗ ಕೊಡುತ್ತೇನೆ ಅಂದಿದ್ದಾಳೆ. (ಅವರ ಮನೆಯಲ್ಲೂ ಒಬ್ಬ ಅಜ್ಜಿ ಇದ್ದಾರಂತೆ. ಭಯ.)

ಬಸ್ಸು ಹೊರಡುವಾಗ ಅತ್ತೆ ಏದುಸಿರು ಬಿಡುತ್ತ ಬಂದು, ಕಿಟಕಿಯೊಳಗೆ ಅದೇ ಚೊಂಬು ತೂರಿಸಿದರು. "ದಿಂಡುಕ್ಕಲ್ ದೂರ. ದಾಹ ಆಗ್ತದೆ, ಕುಡಿ ತಾಯಿ."

ಕುಡಿದೆ. ನೀರಿಲ್ಲದೆ ಜೀವ ಎಷ್ಟು ದಿನ ಇರುತ್ತದೆಂದು ಅಳೆಯಲು ನಾನು ಆರಿಸಿಕೊಂಡದ್ದು, ಹೋಗಿ ಹೋಗಿ, ಈ ಮನೆಯನ್ನೇ?