ರಿಮ್ಮಿನದೇನೂ ತಪ್ಪಿರಲಿಲ್ಲ

ಹೊಸ ಸೈಕಲ್ ಟೈರಿನ ವಾಸನೆ ನಿಮಗೆ ಹೇಗನಿಸುತ್ತದೋ ಕಾಣೆ, ನನಗಂತೂ ಸಿಟ್ಟು ಬರುತ್ತದೆ. ಸಕ್ಕರೆ ಡಬ್ಬಿಯ ಮುಚ್ಚಳ ಬಿಗಿಯಾದರೂ ಅದರೊಂದಿಗೆ ಜಗಳಕ್ಕೆ ನಿಲ್ಲುವವಳು ನಾನು. ನನ್ನ ಸಿಟ್ಟಿಗೆ ಕಾರಣವೇ ಬೇಕಿಲ್ಲ ಎಂದು ಮನೆಯವರು ನಗುತ್ತಾರೆ. ಈ ಸಿಟ್ಟಿಗೆ ಮಾತ್ರ ಕಾರಣವಿದೆ. ಮೊನ್ನೆ ಗಂಗಾವತಿಯ ನಮ್ಮ ಮನೆಯಂಗಳದಲ್ಲಿ ಮಗಳು ತನ್ನ ಸೈಕಲ್ಲಿಗೆ ಹೊಸ ಟೈರ್ ಹಾಕಲು ಕೂತಾಗ ಆ ಕಾರಣವೂ ಅಲ್ಲೇ ಕುರ್ಚಿಯ ಮೇಲೆ ಕಾಲು ಚಾಚಿ ಕೂತಿತ್ತು. ಕಣ್ಣು ತೋರಿಸಲು ಊರಿನಿಂದ ಬಂದಿದ್ದ ನಮ್ಮ ಕಾಕಾ, ಅಪ್ಪನ ತಮ್ಮ.

ಟೈರ್ ಹಾಕುವುದನ್ನು ನೀವು ನೋಡಿದ್ದರೆ ಗೊತ್ತಿರುತ್ತದೆ. ಮುಕ್ಕಾಲು ಸುತ್ತು ಅದು ಸಾಧು ಎತ್ತಿನಂತೆ ರಿಮ್ಮಿನೊಳಗೆ ಕೂರುತ್ತದೆ. ಕೊನೆಯ ಒಂದು ಗೇಣಿನಲ್ಲಿ ಜಗಳ ಶುರು. ಆಗ ಎದುರು ಬದಿಯ ಅಂಚನ್ನು ರಿಮ್ಮಿನ ನಡುವಿನ ತಗ್ಗಿಗೆ ಒತ್ತಿ ಸಡಿಲ ಮಾಡಿಕೊಳ್ಳಬೇಕು. ಆಗಲೂ ಹತ್ತದಿದ್ದರೆ ತಂದ ಟೈರ್ ಸರಿಯಾದದ್ದೇ ಎಂದು ನೋಡಬೇಕು. ಅಂದು ನನ್ನ ತವರುಮನೆಯಲ್ಲಿ ನೋಡಲಿಲ್ಲ.

ಆಗ ನಾನು ಪಿಯುಸಿ ಎರಡನೇ ವರ್ಷ. ನಮ್ಮೂರಿನಿಂದ ತಾವರಗೇರಾದ ಕಾಲೇಜಿಗೆ ಸೈಕಲ್ ಒಂದೇ ಗತಿ. ಕಾಲೇಜಿನ ಹೊತ್ತಿಗೆ ಬಸ್ಸಿರಲಿಲ್ಲ. ಹಿಂದಿನ ಟೈರ್ ಸವೆದು ದಾರ ಕಾಣತೊಡಗಿದಾಗ ಕಾಕಾ ಕುಷ್ಟಗಿಯಿಂದ ಹೊಸದು ತಂದರು. ನಮ್ಮ ಕಡೆ ಒಬ್ಬ ಗಂಡಸು ಪಾನಾ ಹಿಡಿದು ರಿಪೇರಿಗೆ ಕೂತರೆ ಊರ ಗಂಡಸರಿಗೆಲ್ಲ ಬಿಡುವು ಸಿಗುತ್ತದೆ. ಮನೆ ಮುಂದಿನ ಕಟ್ಟೆ ತುಂಬಿತು. ಒಬ್ಬರು ಟೈರನ್ನು ಬಿಸಿಲಿಗೆ ಹಾಕೆಂದರು, ಇನ್ನೊಬ್ಬರು ಸಬಕಾರದ ನೀರು ಹಚ್ಚೆಂದರು. ಎರಡೂ ಆಯಿತು, ಟೈರ್ ಹತ್ತಲಿಲ್ಲ. ನಾನು ಹಳೆಯದು ಹೊಸದು ಎರಡರ ಮೇಲಿನ ನಂಬರನ್ನೂ ಓದಿದೆ. ಎರಡರಲ್ಲೂ ಇಪ್ಪತ್ತಾರು, ಅದರ ಮುಂದಿನ ಭಿನ್ನರಾಶಿ ಮಾತ್ರ ಬೇರೆ.

“ಕಾಕಾ, ಇದು ನಮ್ಮ ಅಳತೀದಲ್ಲರಿ. ಬದಲಿ ಮಾಡಿಸ್ಕೊಂಡ ಬರ್ರಿ,” ಎಂದೆ.

“ಇಪ್ಪತ್ತಾರು ಅಂದ್ರ ಇಪ್ಪತ್ತಾರ. ನಿನ್ನ ಅರ್ಧ-ಪಾವ್ ಲೆಕ್ಕ ಕಾಲೇಜಿನ್ಯಾಗ ಇಟ್ಕೋ,” ಎಂದರು. ಕಟ್ಟೆ ಪೂರಾ ನಕ್ಕಿತು. ಅಪ್ಪನೂ ನಕ್ಕ.

ಮಧ್ಯಾಹ್ನದ ಮೇಲೆ ಕಾಕಾ ಹಾರೆ ತಂದರು. ಸೈಕಲ್ ಟೈರಿಗೆ ಹಾರೆ. ರಿಮ್ ಸೊಟ್ಟಾಯಿತು, ಕಡ್ಡಿಗಳು ಪಟಪಟ ಮುರಿದವು. ಕೈ ಕೊಡವಿಕೊಂಡು ಎದ್ದು, “ಈ ರಿಮ್ಮ ಮೊಂಡ ಐತಿ. ನಡು ದಾರ್ಯಾಗ ಹುಡುಗೀಗೆ ಕೈ ಕೊಟ್ಟರ ಏನ್ ಮಾಡೂದು? ಸೈಕಲ್ ಸಾಕು,” ಎಂದು ತೀರ್ಪು ಕೊಟ್ಟರು. ಅಪ್ಪ ತಮ್ಮನ ಮಾತು ಮೀರುವವನಲ್ಲ. ಸೈಕಲ್ ದನದ ಕೊಟ್ಟಿಗೆ ಸೇರಿತು, ನಾನು ಒಲೆಯ ಮುಂದೆ ಕೂತೆ. ಆ ವರ್ಷದ ಪರೀಕ್ಷೆ ನಾನು ಬರೆಯಲೇ ಇಲ್ಲ.

ಮುಂದೆ ಅದು ನಮ್ಮ ಬಳಗದ ತಮಾಷೆಯಾಯಿತು. ಯಾವ ಮದುವೆಯಲ್ಲಿ ಹೋಳಿಗೆ ಉಂಡರೂ ಕಾಕಾ ಮೊಂಡ ರಿಮ್ಮಿನ ಕಥೆ ಹೇಳಬೇಕು, ಎಲ್ಲರೂ ಹೊಟ್ಟೆ ಹಿಡಿದು ನಗಬೇಕು. ನಾನು ಹಲ್ಲು ಕಚ್ಚಿ ತುಪ್ಪ ಬಡಿಸುತ್ತಿದ್ದೆ. ಅಷ್ಟು ಜನರಲ್ಲಿ ಒಬ್ಬರಿಗೂ ನನ್ನ ಕಾಲೇಜು ನೆನಪಾಗುತ್ತಿರಲಿಲ್ಲ.

ಮೊನ್ನೆಯೂ ಕಾಕಾ ಅದನ್ನೇ ಶುರು ಮಾಡಿದರು. ಮಗಳು ಎರಡೂ ಟೈರುಗಳನ್ನು ಪಕ್ಕದಲ್ಲಿಟ್ಟು ನಂಬರ್ ನೋಡುತ್ತಿದ್ದಳು. “ನಿಮ್ಮವ್ವನ ಸೈಕಲ್ಲಿಂದು ಒಂದು ರಿಮ್ ಇತ್ತು ನೋಡವಾ, ಎಂಥಾ ಮೊಂಡ ಅಂತೀ...”

“ರಿಮ್ಮಿಂದೇನೂ ತಪ್ಪಿದ್ದಿಲ್ಲರಿ ಕಾಕಾ,” ಎಂದೆ. “ನೀವು ತಂದ ಟೈರ್ ಬ್ಯಾರೆ ಇತ್ತು. ನಾ ಹೇಳಿದ್ದೆ.”

ಅವರು ಜಗಳಕ್ಕೆ ಬಂದಿದ್ದರೆ ಚೆನ್ನಾಗಿತ್ತು, ನಾನು ತಯಾರಿದ್ದೆ. ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದರು.

“ಹಾರಿ ತರೂ ಮೊದ್ಲ ನನಗ ಗೊತ್ತಾಗಿತ್ತವಾ. ಕಟ್ಟಿ ತುಂಬ ಮಂದಿ ಕುಂತಿದ್ರು. ಅವರ ಮುಂದ ಹುಡುಗಿ ಹೇಳಿದ್ದು ಖರೆ ಅಂತ ಹ್ಯಾಂಗ ಅನ್ಲಿ?”

ಇಷ್ಟು ವರ್ಷ, ತಿಳಿಯದೆ ಮಾಡಿದರು ಎಂದುಕೊಂಡೇ ಸಿಟ್ಟಾಗಿದ್ದೆ. ಆ ಸಿಟ್ಟು ಏತಕ್ಕೂ ಸಾಲದಾಗಿತ್ತು.

ಮಗಳು ಕೊನೆಯ ಗೇಣನ್ನು ಹೆಬ್ಬೆರಳಿನಿಂದಲೇ ಒತ್ತಿ ಕೂರಿಸಿ, ಗಾಳಿ ಹಾಕಿ, ಓಣಿಯಲ್ಲಿ ಒಂದು ಸುತ್ತು ಹೊಡೆಯಲು ಹೋದಳು.

“ಒಂದ ಕಪ್ ಚಾ ಮಾಡವಾ,” ಎಂದರು ಕಾಕಾ.

ಅಭ್ಯಾಸಬಲದಿಂದ ಕಾಲು ಅಡಿಗೆಮನೆಯ ಕಡೆ ತಿರುಗಿತ್ತು. ತಡೆದು ಹೊಸ್ತಿಲಲ್ಲೇ ನಿಂತೆ. ಓಣಿಯ ಕೊನೆಯಲ್ಲಿ ಮಗಳು ಸೈಕಲ್ ತಿರುಗಿಸುತ್ತಿದ್ದಳು.

“ಹಾಲು ಒಳಗ ಒಲಿ ಕಟ್ಟಿ ಮ್ಯಾಲ ಐತ್ರಿ,” ಎಂದೆ, ಅವರ ಕಡೆ ನೋಡದೆ. “ಸಕ್ಕರಿ ಡಬ್ಬಿ ಮುಚ್ಚಳ ಭಾಳ ಬಿಗಿ ಐತಿ. ನೀವ ತೆಕ್ಕೋರಿ.”